ಕೈಗೆ ಬಂದ ರಂಜಕ ಕೋಳಿ ಕಾಲಿಗೆ ಬರಲಿಲ್ಲ

ಈ ತಿಂಗಳು ಹಸು-ಎಮ್ಮೆಗಳಿಗೆ ರಜೆ. ಬಂದ ಕಾಗದಗಳಲ್ಲಿ ಬ್ರಾಯ್ಲರ್ ಸಾಕುವವರದ್ದೇ ಜಾಸ್ತಿ. ಮೊದಲನೆಯದಂತೂ ನಾಲ್ಕು ಪುಟ, ಜೊತೆಗೆ ಫೀಡ್ ಲೆಕ್ಕದ ಚೀಟಿ ಬೇರೆ. ಮೂವತ್ತು ವರ್ಷ ಫೀಡ್ ಮಿಲ್ಲುಗಳಲ್ಲಿ ಇಂಥ ಚೀಟಿಗಳ ನಡುವೆಯೇ ಬದುಕಿದವಳು ನಾನು. ಲೆಕ್ಕ ಸಮೇತ ಬರೆಯುವವರು ಸಿಕ್ಕರೆ ಅವರಿಗೆ ಒಂದು ಪುಟ ಜಾಸ್ತಿ ಕೊಡುವುದು ನನ್ನ ಅಭ್ಯಾಸ. ಉಳಿದವರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು 3,000 ಬ್ರಾಯ್ಲರ್ ಕೋಳಿಯ ಶೆಡ್. ಕಂಪನಿ ಕಾಂಟ್ರಾಕ್ಟ್ ಬಿಟ್ಟು ಎರಡು ವರ್ಷದಿಂದ ಸ್ವಂತಕ್ಕೆ ಸಾಕುತ್ತಿದ್ದೇವೆ. ಫೀಡ್ ನಾವೇ ಪುಡಿ ಮಾಡಿಸಿ ಕಲೆಸುತ್ತೇವೆ. ಖರ್ಚು ಇಳಿಸಲು ಎಣ್ಣೆ ತೆಗೆದ ಅಕ್ಕಿ ತೌಡನ್ನೂ ಸೇರಿಸುತ್ತೇವೆ. ಹೋದ ಬ್ಯಾಚ್‌ನಲ್ಲಿ 15ನೇ ದಿನಕ್ಕೆ ಕೆಲವು ಕೋಳಿ ಕುಂಟಿದವು. ಅಂಗಡಿಯವರು ‘ಕ್ಯಾಲ್ಸಿಯಂ ಕಮ್ಮಿ’ ಎಂದು ಟನ್ನಿಗೆ 10 ಕೆಜಿ ಸುಣ್ಣದ ಕಲ್ಲಿನ ಪುಡಿ ಹೆಚ್ಚಿಗೆ ಹಾಕಿಸಿದರು. ಚಿಲೇಟೆಡ್ ಮಿನರಲ್ ಅಂತ ಒಂದು ಡಬ್ಬಿಯನ್ನೂ ನೀರಿಗೆ ಕೊಟ್ಟರು. ಈ ಬ್ಯಾಚ್‌ನಲ್ಲಿ ಕುಂಟುವುದು ಇನ್ನೂ ಜಾಸ್ತಿಯಾಗಿದೆ. ಕೊಕ್ಕು ಬೆರಳಲ್ಲಿ ಒತ್ತಿದರೆ ಬಾಗುತ್ತದೆ. ಲಿಟರ್ (ಶೆಡ್ ನೆಲಕ್ಕೆ ಹಾಸಿದ ಹೊಟ್ಟು) ಕೂಡ ಒದ್ದೆ. ಇನ್ನೆಷ್ಟು ಕ್ಯಾಲ್ಸಿಯಂ ಹಾಕಬೇಕು?

ಈಗಿನ ಸ್ಟಾರ್ಟರ್ (ಎಳೆ ಮರಿಗಳ ಫೀಡ್) ಲೆಕ್ಕ, ಟನ್ನಿಗೆ: ಮೆಕ್ಕೆಜೋಳ 535 ಕೆಜಿ, ಸೋಯಾ ಹಿಂಡಿ 330, ತೌಡು 70, ಎಣ್ಣೆ 20, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) 15, ಸುಣ್ಣದ ಕಲ್ಲಿನ ಪುಡಿ 22, ಉಪ್ಪು 3, ಪ್ರೀಮಿಕ್ಸ್ (ವಿಟಮಿನ್-ಖನಿಜಗಳ ಮಿಶ್ರಣ) ಮತ್ತು ಇತರೆ 5.
— ಕೋಲಾರ ಜಿಲ್ಲೆಯ ಓದುಗರು (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಇನ್ನೆಷ್ಟು ಹಾಕಬೇಕು ಅಂತ ಕೇಳಿದ್ದೀರಿ. ಹಾಕಿದ್ದನ್ನು ಮೊದಲು ತೆಗೆಯಿರಿ.

ನಿಮ್ಮ ಚೀಟಿಯ ಮೇಲೆ ಪೆನ್ಸಿಲ್ ಆಡಿಸಿದೆ. ಸುಣ್ಣದ ಕಲ್ಲಿನ ಪುಡಿಯಲ್ಲಿ ಸುಮಾರು ಶೇ. 38 ಕ್ಯಾಲ್ಸಿಯಂ ಇರುತ್ತದೆ. 22 ಕೆಜಿಯಿಂದ ಎಂಟೂಕಾಲು ಕೆಜಿಗೂ ಜಾಸ್ತಿ ಬಂತು. ಡಿಸಿಪಿಯಿಂದ ಮೂರೂವರೆ, ಸೋಯಾ ಮತ್ತಿತರೆಯಿಂದ ಒಂದು. ಒಟ್ಟು ಹತ್ತಿರ ಹತ್ತಿರ 13 ಕೆಜಿ, ಅಂದರೆ ಶೇ. 1.3. ಎಳೆ ಮರಿಗೆ ಶೇ. 0.9ರಿಂದ 1 ಇದ್ದರೆ ಸಾಕು. ಅಂಗಡಿಯವರ ಸಲಹೆಗೆ ಮೊದಲು ನೀವು 12 ಕೆಜಿ ಸುಣ್ಣ ಹಾಕುತ್ತಿದ್ದಿರಲ್ಲ, ಆಗ ಶೇ. 0.9 ಇತ್ತು. ಕ್ಯಾಲ್ಸಿಯಂ ಕಮ್ಮಿ ಇರಲೇ ಇಲ್ಲ.

ಕಮ್ಮಿ ಇದ್ದದ್ದು ರಂಜಕ. ನೀವೆಲ್ಲ ಫಾಸ್ಫರಸ್ ಅನ್ನುತ್ತೀರಲ್ಲ, ಅದು. ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಜೊತೆ ರಂಜಕವೂ ಬೇಕು. ಕೋಳಿಗೆ ದಕ್ಕುವ ರಂಜಕ ಒಂದಿದ್ದರೆ ಕ್ಯಾಲ್ಸಿಯಂ ಎರಡು, ಹೆಚ್ಚುಕಮ್ಮಿ ಇದೇ ಜೋಡಿ. ‘ದಕ್ಕುವ’ ಅನ್ನುವ ಮಾತನ್ನು ಹಿಡಿದುಕೊಳ್ಳಿ. ಕಥೆ ಇರುವುದೆಲ್ಲ ಅಲ್ಲೇ.

ನಿಮ್ಮ ಒಂದು ಟನ್ ಫೀಡ್‌ನಲ್ಲಿ ಡಿಸಿಪಿ ಕೊಡುವ ರಂಜಕ 2.7 ಕೆಜಿ. ಅದಕ್ಕೆ ದುಡ್ಡು ಕೊಟ್ಟಿದ್ದೀರಿ. ಕಾಳು, ಹಿಂಡಿ, ತೌಡಿನೊಳಗೆ ಪುಕ್ಕಟೆಯಾಗಿ ಬಂದಿದ್ದೂ ಕೋಳಿಗೆ ಸಿಗದಿರುವ ರಂಜಕ ಸುಮಾರು 3.3 ಕೆಜಿ. ಕೊಂಡದ್ದಕ್ಕಿಂತ ಸಿಗದೆ ಹೋದದ್ದೇ ಜಾಸ್ತಿ, ನೋಡಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಇಲ್ಲಿ ಬಾಯಿಗೂ ಬಂದಿದೆ, ಹೊಟ್ಟೆಗೂ ಹೋಗಿದೆ. ಆಮೇಲೆ ಹಾಗೆಯೇ ಹಿಕ್ಕೆಯಲ್ಲಿ ಹೊರಗೆ ಬಿದ್ದಿದೆ.

ಯಾಕೆ ಅಂದರೆ, ಬೀಜ ತನ್ನ ಮೊಳಕೆಗೆ ಬೇಕಾದ ರಂಜಕವನ್ನು ಫೈಟೇಟ್ ಅನ್ನುವ ರೂಪದಲ್ಲಿ ಕಟ್ಟಿಟ್ಟುಕೊಂಡಿರುತ್ತದೆ. ಮೆಕ್ಕೆಜೋಳದ ರಂಜಕದಲ್ಲಿ ಮೂರರಲ್ಲಿ ಎರಡು ಪಾಲು ಹೀಗೇ ಇರುತ್ತದೆ. ತೌಡಿನಲ್ಲಿ ಇನ್ನೂ ಜಾಸ್ತಿ. ಒಂದು ಫೈಟೇಟ್ ಕಣಕ್ಕೆ ಆರು ಫಾಸ್ಫೇಟ್ ಕೈಗಳು. ಅವು ಸುಮ್ನೆ ಇರುವುದಿಲ್ಲ. ಕರುಳಿನಲ್ಲಿ ಸಿಕ್ಕ ಸತು, ಮ್ಯಾಂಗನೀಸ್, ಕಬ್ಬಿಣ, ಕ್ಯಾಲ್ಸಿಯಂ ಎಲ್ಲವನ್ನೂ ಹಿಡಿದುಕೊಳ್ಳುತ್ತವೆ. ಈ ಕಟ್ಟು ಬಿಡಿಸಲು ಫೈಟೇಸ್ ಅನ್ನುವ ಕಿಣ್ವ ಬೇಕು, ಎನ್‌ಜೈಮ್. ಕೋಳಿಯ ಹೊಟ್ಟೆಯಲ್ಲಿ ಅದು ಇಲ್ಲ ಅನ್ನುವಷ್ಟು ಕಮ್ಮಿ.

ಈಗ ಅಂಗಡಿಯವರ 10 ಕೆಜಿ ಸುಣ್ಣ ಏನು ಮಾಡಿತು ನೋಡಿ. ಸುಣ್ಣದ ಪುಡಿ ಆಮ್ಲವನ್ನು ಹೀರುತ್ತದೆ. ಅಸಿಡಿಟಿಗೆ ನಾವು ಮಾತ್ರೆ ನುಂಗಿದ ಹಾಗೆ. ಕೋಳಿಯ ಹೊಟ್ಟೆಯಲ್ಲಿ ಹುಳಿ ಕಮ್ಮಿಯಾದರೆ ಖನಿಜ ಕರಗುವುದು ಕಮ್ಮಿ. ಹೆಚ್ಚಿದ ಕ್ಯಾಲ್ಸಿಯಂ ಫೈಟೇಟ್ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ಅಷ್ಟೋ ಇಷ್ಟೋ ಸಿಗುತ್ತಿದ್ದ ರಂಜಕವೂ ಹೋಯಿತು. ಮೂಳೆ ಇನ್ನಷ್ಟು ಮೆತ್ತಗಾಯಿತು. ಹೊರಹೋಗುವ ಕ್ಯಾಲ್ಸಿಯಂ ನೀರನ್ನೂ ಎಳೆದುಕೊಂಡು ಹೋಗುತ್ತದೆ, ನಿಮ್ಮ ಒದ್ದೆ ಲಿಟರ್‌ನಲ್ಲಿ ಇದರದ್ದೂ ಪಾಲಿದೆ. ಅಂಗಡಿಯವರು ಕೆಟ್ಟವರಲ್ಲ ಬಿಡಿ. ಕಾಲು ಸೋತರೆ ಕ್ಯಾಲ್ಸಿಯಂ ಅನ್ನುವುದು ನಮ್ಮೆಲ್ಲರ ಬಾಯಲ್ಲಿ ಕೂತುಬಿಟ್ಟ ಮಾತು.

ಮೊದಲು ರೋಗ ಖಚಿತವಾಗಲಿ. ಸತ್ತ ಒಂದೆರಡು ಕೋಳಿಯ ಕಾಲು ಬಿಚ್ಚಿ ನೋಡಿ, ಇಲ್ಲವೇ ನಿಮ್ಮ ಪಶು ಆಸ್ಪತ್ರೆಯ ಡಾಕ್ಟರ ಹತ್ತಿರ ಬಿಚ್ಚಿಸಿ. ಮೂಳೆ ಲಟಕ್ಕನೆ ಮುರಿಯದೆ ರಬ್ಬರಿನಂತೆ ಬಾಗಿದರೆ ಅದು ರಿಕೆಟ್ಸ್. ಕೊಕ್ಕು ಬಾಗುತ್ತದೆ ಅಂದಿದ್ದೀರಿ, ನನ್ನ ಅನುಮಾನವೂ ಅದೇ. ಮೊಣಕಾಲ ಕೆಳಗಿನ ಉದ್ದ ಮೂಳೆಯ ತಲೆಯಲ್ಲಿ ಬಿಳಿ ಮೃದ್ವಸ್ಥಿಯ ಗಡ್ಡೆ ಇದ್ದರೆ ಅದು ಬೇರೆ ತೊಂದರೆ. ಹಿಮ್ಮಡಿಯ ಸ್ನಾಯುರಜ್ಜು ಪಕ್ಕಕ್ಕೆ ಜಾರಿ ಕಾಲು ತಿರುಚಿಕೊಂಡಿದ್ದರೆ ಮ್ಯಾಂಗನೀಸ್, ಕೋಲಿನ್ ಕಡೆ ನೋಡಬೇಕು. ತೊಡೆ ಮೂಳೆಯ ತಲೆ ಪುಡಿಪುಡಿಯಾಗುತ್ತಿದ್ದರೆ ಅದು ಸೋಂಕು, ಯಾವ ಮಿನರಲ್ಲೂ ಅದಕ್ಕೆ ಮದ್ದಲ್ಲ.

ರಿಕೆಟ್ಸ್ ಆದರೆ ಪ್ರೀಮಿಕ್ಸ್ ಚೀಲದ ತಾರೀಖನ್ನೂ ನೋಡಿ. ಕ್ಯಾಲ್ಸಿಯಂ ಕರುಳಿನಿಂದ ಒಳಗೆ ಹೋಗಲು ವಿಟಮಿನ್ ಡಿ3 ಬೇಕು. ತಗಡಿನ ಮನೆಯಲ್ಲಿ ಬೇಸಿಗೆ ಕಳೆದ ಪ್ರೀಮಿಕ್ಸ್‌ನಲ್ಲಿ ಡಿ3 ಎಷ್ಟು ಉಳಿದಿರುತ್ತದೋ ಹೇಳಲಾಗದು. ಅದರಲ್ಲೂ ವಿಟಮಿನ್, ಮೈಲುತುತ್ತ, ಕೋಲಿನ್ ಎಲ್ಲ ಒಂದೇ ಚೀಲದಲ್ಲಿ ಬೆರೆತಿದ್ದರೆ ವಿಟಮಿನ್ ಬೇಗ ಸಾಯುತ್ತದೆ. ಮೂರು ತಿಂಗಳಿಗಿಂತ ಹಳೆಯದನ್ನು ನಾನು ಮರಿಗಳ ಫೀಡ್‌ಗೆ ಹಾಕಿಸುತ್ತಿರಲಿಲ್ಲ. ಈಗಿರುವ ಬ್ಯಾಚ್‌ಗೆ ಡಾಕ್ಟರನ್ನು ಕೇಳಿ ನಾಲ್ಕೈದು ದಿನ ನೀರಿನಲ್ಲಿ ಡಿ3 ಕೊಡಿ. ಎದ್ದು ನಿಲ್ಲುವ ಮರಿಗಳು ಚೇತರಿಸಿಕೊಳ್ಳುತ್ತವೆ. ಕಾಲು ಬಾಗಿ ಕೂತುಬಿಟ್ಟವು ಮತ್ತೆ ನೆಟ್ಟಗಾಗುವುದಿಲ್ಲ, ಅವನ್ನು ಬೇರೆ ಮಾಡಿ.

ಫೀಡ್‌ನಲ್ಲಿ ಸುಣ್ಣವನ್ನು ಮತ್ತೆ 12 ಕೆಜಿಗೆ ಇಳಿಸಿ. ಡಿಸಿಪಿ 15 ಇದ್ದಲ್ಲೇ ಇರಲಿ. ಗ್ರಾಮಿಗೆ 5,000 ಯೂನಿಟ್ ಶಕ್ತಿಯ ಫೈಟೇಸ್ ಟನ್ನಿಗೆ 100 ಗ್ರಾಂ ಸೇರಿಸಿ. ಕೆಜಿ ಫೀಡ್‌ಗೆ 500 ಯೂನಿಟ್ ಆಯಿತು. ಇಷ್ಟರಿಂದ ಸುಮಾರು ಒಂದು ಕೆಜಿ ರಂಜಕ ಬಿಡುಗಡೆಯಾಗುತ್ತದೆ, ಅಂದರೆ ಐದೂವರೆ ಕೆಜಿ ಡಿಸಿಪಿ ಕೊಡುವಷ್ಟು. ನಿಮ್ಮ ಲೆಕ್ಕದಲ್ಲಿ ದಕ್ಕುವ ರಂಜಕ ಶೇ. 0.4 ಇದ್ದದ್ದು 0.5ಕ್ಕೆ ಬರುತ್ತದೆ. ಫೈಟೇಟ್ ಹಿಡಿದಿಟ್ಟಿದ್ದ ಸತು, ಕ್ಯಾಲ್ಸಿಯಂ ಕೂಡ ಒಂದಷ್ಟು ಸಡಿಲವಾಗುತ್ತವೆ.

‘ಹಾಗಾದರೆ ಈಗಲೇ ಐದು ಕೆಜಿ ಡಿಸಿಪಿ ಕಡಿಮೆ ಮಾಡಿ ದುಡ್ಡು ಉಳಿಸೋಣ’ ಅಂತ ನಿಮಗೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಫೈಟೇಸ್ ನಮ್ಮ ಕಡೆ ಇನ್ನೂ ಹೊಸದಾಗಿದ್ದ ಕಾಲ. ಅದು ಮೊದಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. ಅಲ್ಲಿ ಹಂದಿ-ಕೋಳಿ ಗೊಬ್ಬರದ ರಂಜಕ ಮಣ್ಣು-ನೀರು ಸೇರಿ ದೊಡ್ಡ ತಲೆನೋವಾಗಿತ್ತು. ಅವರಿಗೆ ಹೊಲಸು ಕಮ್ಮಿ ಮಾಡುವ ಚಿಂತೆ, ನಮಗೆ ಡಿಸಿಪಿ ಉಳಿಸುವ ಚಿಂತೆ. ನಾನು ಕೆಲಸಕ್ಕಿದ್ದ ಮಿಲ್ಲಿನಲ್ಲಿ ಧೈರ್ಯ ಮಾಡಿ ಒಂದೇ ಸಲಕ್ಕೆ ಐದು ಕೆಜಿ ಕಡಿಮೆ ಮಾಡಿದೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಮ್ಮದು ಪೆಲೆಟ್ ಮಿಲ್ಲು. ಹಬೆ ಹಾಯಿಸಿ 85 ಡಿಗ್ರಿಗೆ ಬಿಸಿ ಮಾಡಿ ಕಾಳು ಒತ್ತುತ್ತಿದ್ದರು. ಕಿಣ್ವ ಅಂದರೆ ಪ್ರೋಟೀನು, ಆ ಶಾಖಕ್ಕೆ ಬೆಂದು ಹೋಯಿತು. 20ನೇ ದಿನಕ್ಕೆ ಕೋಳಿಗಳು ಕೂತುಬಿಟ್ಟವು. ಮಾಲೀಕರು ಬೈಯಲಿಲ್ಲ. ಗಾಡಿಯಲ್ಲಿ ಕೂರಿಸಿಕೊಂಡು ಶೆಡ್‌ಗೆ ಕರೆದುಕೊಂಡು ಹೋಗಿ ತೋರಿಸಿದರು. ಬೈದಿದ್ದರೇ ವಾಸಿಯಿತ್ತು.

ನಿಮ್ಮದು ಬಿಸಿ ಕಾಣದ ಮ್ಯಾಶ್, ಅಂದರೆ ಪುಡಿ ಫೀಡ್, ಆ ಭಯ ಇಲ್ಲ. ನಿಮಗಿರುವ ಭಯ ಕಲೆಸುವುದರದ್ದು. ಮದುವೆ ಮನೆಯ ಸಾರಿನ ಕೊಪ್ಪರಿಗೆಗೆ ಇಂಗನ್ನು ಹಾಗೇ ಎಸೆಯುತ್ತಾರೆಯೇ? ಒಂದು ಲೋಟ ನೀರಿನಲ್ಲಿ ಕದಡಿ ಹಾಕುತ್ತಾರೆ. 100 ಗ್ರಾಂ ಫೈಟೇಸನ್ನು ಮೊದಲು ಒಂದು ಕೆಜಿ ಮೆಕ್ಕೆಜೋಳದ ಹಿಟ್ಟಿಗೆ, ಅದನ್ನು ಹತ್ತು ಕೆಜಿಗೆ, ಆಮೇಲೆ ಮಿಕ್ಸರ್‌ಗೆ. ಸಲಿಕೆಯಲ್ಲಿ ಕಲೆಸುವವರಾದರೆ ದಯವಿಟ್ಟು ಮಿಕ್ಸರ್ ಬಾಡಿಗೆಗೆ ತನ್ನಿ. ಉಳಿದ ಪ್ಯಾಕೆಟ್ ತಂಪಾದ, ಒಣ ಜಾಗದಲ್ಲಿರಲಿ. ಒಂದು ಬ್ಯಾಚ್ ಚೆನ್ನಾಗಿ ಹೋದ ಮೇಲೆ ಡಿಸಿಪಿಯನ್ನು 12ಕ್ಕೆ, ಸುಣ್ಣವನ್ನು 11ಕ್ಕೆ ತನ್ನಿ. ಅದಕ್ಕಿಂತ ಕೆಳಗೆ ಇಳಿಯುವುದು ಫೀಡ್ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿಕೊಂಡೇ.

ಈ ಲೆಕ್ಕವೆಲ್ಲ ನಿಮ್ಮ ಡಿಸಿಪಿ ನಿಜವಾದ ಡಿಸಿಪಿಯಾಗಿದ್ದರೆ ಮಾತ್ರ. ಶೇ. 18 ರಂಜಕ ಇರಬೇಕಾದ ಚೀಲದಲ್ಲಿ ಸುಣ್ಣದ ಪುಡಿ ಬೆರೆಸಿ ಮಾರುವವರಿದ್ದಾರೆ. ಎರಡೂ ಬಿಳಿ, ಕಣ್ಣಿಗೆ ಗೊತ್ತಾಗುವುದಿಲ್ಲ. ಎರಡು ಸ್ಟೀಲ್ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಒಂದು ಚಮಚ ಸುಣ್ಣದ ಕಲ್ಲಿನ ಪುಡಿ, ಇನ್ನೊಂದರಲ್ಲಿ ಡಿಸಿಪಿ. ಎರಡಕ್ಕೂ ನಿಂಬೆರಸ ಹಿಂಡಿ. ಸುಣ್ಣ ಬುಸುಬುಸು ನೊರೆ ಬರುತ್ತದೆ. ಡಿಸಿಪಿ ಸುಮ್ಮನಿರಬೇಕು, ಎಲ್ಲೋ ಒಂದೆರಡು ಗುಳ್ಳೆ ಬಂದರೆ ಚಿಂತೆಯಿಲ್ಲ. ಅದೂ ಬುಸುಗುಟ್ಟಿದರೆ ಚೀಲವನ್ನು ಅಂಗಡಿಗೆ ವಾಪಸ್ ಹೊತ್ತುಕೊಂಡು ಹೋಗಿ. ನಿಂಬೆಹಣ್ಣನ್ನೂ ಜೊತೆಗೆ ಒಯ್ಯಿರಿ.

ಇನ್ನು ಚಿಲೇಟೆಡ್ ಮಿನರಲ್. ಸತು, ಮ್ಯಾಂಗನೀಸ್, ತಾಮ್ರವನ್ನು ಅಮೈನೋ ಆಮ್ಲದಂಥ ವಸ್ತುವಿಗೆ ಕಟ್ಟಿ ಮಾಡಿದ ಸರಕು ಅದು. ಫೈಟೇಟ್ ಕೈಗೆ ಅಷ್ಟು ಸುಲಭವಾಗಿ ಸಿಗದೆ ಕರುಳಿನವರೆಗೆ ಹೋಗಲಿ ಅಂತ. ವಿಷಯ ನಿಜ, ಮೋಸವಲ್ಲ. ಆದರೆ ಅದರಲ್ಲಿ ರಂಜಕ ಇಲ್ಲವಲ್ಲ! ನಿಮ್ಮ ಕೋಳಿ ಕೂತದ್ದು ರಂಜಕವಿಲ್ಲದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ (ಎನ್‌ಆರ್‌ಸಿ) 1994ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ಬ್ರಾಯ್ಲರ್‌ಗೆ ಕೆಜಿ ಫೀಡ್‌ನಲ್ಲಿ ಬೇಕಾದ ಸತು 40 ಮಿಲಿಗ್ರಾಂ, ಮ್ಯಾಂಗನೀಸ್ 60. ಪ್ರೀಮಿಕ್ಸ್ ಮಾಡುವವರು ಭದ್ರತೆಗೆ ಅಂತ ಸತುವನ್ನು ಅದರ ಎರಡರಷ್ಟು ಹಾಕಿರುತ್ತಾರೆ. ಅದರ ಮೇಲೆ ಇನ್ನೊಂದು ಡಬ್ಬಿ ಸುರಿದರೆ ಸತು ಜಾಸ್ತಿಯಾಗಿ ತಾಮ್ರವನ್ನು ತಳ್ಳುತ್ತದೆ. ಚಿಲೇಟ್ ಬಳಸಲೇಬೇಕು ಅಂತಿದ್ದರೆ ಹೀಗೆ ಬಳಸಿ: ಪ್ರೀಮಿಕ್ಸ್‌ನ ಸತು, ಮ್ಯಾಂಗನೀಸ್‌ನಲ್ಲಿ ಮೂರನೇ ಒಂದು ಭಾಗ ತೆಗೆದು, ಅದರ ಜಾಗಕ್ಕೆ. ಇದ್ದದ್ದರ ಮೇಲೆ ಬೇಡ. ಪ್ರೀಮಿಕ್ಸ್ ಚೀಟಿಯಲ್ಲಿ ಸತು ಯಾವ ರೂಪದಲ್ಲಿದೆ ಎಂದೂ ಓದಿ. ಜಿಂಕ್ ಆಕ್ಸೈಡ್‌ಗಿಂತ ಜಿಂಕ್ ಸಲ್ಫೇಟ್ ಚೆನ್ನಾಗಿ ಹತ್ತುತ್ತದೆ. ಎಷ್ಟೋ ಕಡೆ ಇಷ್ಟು ಬದಲಾಯಿಸಿದರೇ ಸಾಕಾಗುತ್ತದೆ.

ತೌಡಿನ ಬಗ್ಗೆ ಒಂದು ಮಾತು. ಮರಿಗಳ ಫೀಡ್‌ನಿಂದ ಅದನ್ನು ತೆಗೆದುಬಿಡಿ. ನಿಮ್ಮ ಫೀಡ್‌ನಲ್ಲಿ ತೌಡು ಇರುವುದು ಶೇ. 7, ಕಟ್ಟಿಹೋದ ರಂಜಕದಲ್ಲಿ ಅದರ ಪಾಲು ಕಾಲುಭಾಗಕ್ಕಿಂತ ಜಾಸ್ತಿ. ಫಿನಿಷರ್‌ನಲ್ಲಿ, ಅಂದರೆ ಕೊನೆಯ ಹಂತದ ಫೀಡ್‌ನಲ್ಲಿ, ಫೈಟೇಸ್ ಜೊತೆ ಹಾಕಿಕೊಳ್ಳಿ, ನನ್ನ ತಕರಾರಿಲ್ಲ.

ಪ್ರಶ್ನೆ: ನಾವು ಕಂಪನಿ ಕಾಂಟ್ರಾಕ್ಟ್‌ನಲ್ಲಿ 6,000 ಕೋಳಿ ಸಾಕುತ್ತೇವೆ. ಮರಿ, ಫೀಡ್ ಎಲ್ಲ ಅವರದ್ದೇ. 25 ದಿನದ ಮೇಲೆ ಪಾದದಲ್ಲಿ ಕಪ್ಪು ಹುಣ್ಣು ಆಗುತ್ತಿದೆ. ಸತು ಕಮ್ಮಿಯಾದರೆ ಹೀಗಾಗುತ್ತೆ ಅಂತ ಮೊಬೈಲ್‌ನಲ್ಲಿ ನೋಡಿದೆ. ಕಂಪನಿ ಫೀಡ್ ಮೇಲೆ ನಾವೇ ಸತು ಹಾಕಬಹುದಾ?
— ದೊಡ್ಡಬಳ್ಳಾಪುರ ತಾಲ್ಲೂಕಿನ ಓದುಗರು

ಉತ್ತರ: ಬೇಡ. ಫೀಡ್ ಅವರದ್ದು, ಕೋಳಿಯೂ ಅವರದ್ದು. ನಾಳೆ ಏನೋ ಹೆಚ್ಚುಕಮ್ಮಿ ಆದರೆ ಎಲ್ಲ ನಿಮ್ಮ ತಲೆಗೆ ಬರುತ್ತದೆ. ಸತುವಿಗೂ ಬಯೋಟಿನ್‌ಗೂ ಪಾದದ ಚರ್ಮಕ್ಕೂ ನಂಟಿರುವುದು ನಿಜ. ಆದರೆ ಹತ್ತು ಶೆಡ್‌ನಲ್ಲಿ ಪಾದದ ಹುಣ್ಣು ನೋಡಿದರೆ ಒಂಬತ್ತರಲ್ಲಿ ನನಗೆ ಸಿಕ್ಕ ಕಾರಣ ಒದ್ದೆ ಲಿಟರ್. ಒಂದು ಹಿಡಿ ಭತ್ತದ ಹೊಟ್ಟು ತೆಗೆದು ಮುಷ್ಟಿ ಕಟ್ಟಿ ಬಿಡಿ. ಉಂಡೆಯಾಗಿ ನಿಂತರೆ ಒದ್ದೆ. ಉದುರಿದರೆ ಸರಿ. ನೀರು ಕುಡಿಯುವ ನಿಪ್ಪಲ್ ಕೋಳಿಯ ಕತ್ತಿಗಿಂತ ಮೇಲಿದೆಯೇ, ಹನಿ ಬೀಳುತ್ತಿದೆಯೇ ನೋಡಿ. ದಿನಕ್ಕೊಮ್ಮೆ ಲಿಟರ್ ಕೆದಕಿ. ಮಳೆಗಾಲದಲ್ಲಿ ಪರದೆ ಪೂರ್ತಿ ಇಳಿಸಿ ಬೆಚ್ಚಗಿಟ್ಟೆವು ಅನ್ನುತ್ತೀರಿ, ಒಳಗೆ ಅಮೋನಿಯಾಗೆ ಕಣ್ಣು ಉರಿಯುತ್ತಿರುತ್ತದೆ.

ಹಿಕ್ಕೆಯಲ್ಲಿ ರಕ್ತವೋ ಕಿತ್ತಳೆ ಲೋಳೆಯೋ ಕಂಡರೆ ತಡಮಾಡದೆ ಸೂಪರ್‌ವೈಸರ್‌ಗೆ ಹೇಳಿ. ಕಾಕ್ಸಿಡಿಯೋಸಿಸ್ ಅನ್ನುವ ಪರೋಪಜೀವಿ ರೋಗ ಬಂದ ಕರುಳಿಗೆ ಎಂಥ ದುಬಾರಿ ಮಿನರಲ್ ಕೊಟ್ಟರೂ ಹತ್ತುವುದಿಲ್ಲ. ಖನಿಜ ಹೀರುವ ಜಾಗವೇ ಗಾಯವಾಗಿರುತ್ತದೆ. ಮೆಕ್ಕೆಜೋಳದ ಬೂಷ್ಟಿನ ವಿಷವೂ ಇದೇ ಕೆಲಸ ಮಾಡುತ್ತದೆ. ಆದ್ದರಿಂದ ಪ್ರತಿ ಲೋಡ್‌ನಿಂದ ಒಂದೊಂದು ಕೆಜಿ ಫೀಡ್ ತೆಗೆದು, ಚೀಲದ ಬ್ಯಾಚ್ ನಂಬರ್ ಬರೆದು, ಗಾಳಿಯಾಡದ ಡಬ್ಬಿಯಲ್ಲಿ ಕೋಳಿ ಮಾರಾಟವಾಗುವವರೆಗೂ ಇಡಿ. ‘ನಿಮ್ಮ ನಿರ್ವಹಣೆ ಸರಿಯಿಲ್ಲ’ ಅನ್ನುವ ಮಾತು ಬಂದಾಗ ಆ ಡಬ್ಬಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರು ತುಂಬಾ ಗಡಸು. ಪೈಪು, ನಿಪ್ಪಲ್ ಎಲ್ಲ ಬೆಳ್ಳಗೆ ಕಟ್ಟಿಕೊಳ್ಳುತ್ತೆ. ಇದರಲ್ಲೇ ಕ್ಯಾಲ್ಸಿಯಂ ಇರೋದರಿಂದ ಫೀಡ್‌ನಲ್ಲಿ ಸುಣ್ಣ ಬಿಡಬಹುದಾ? ನೀರಿಗೆ ಆಸಿಡ್ ಹಾಕಿದರೆ ಮಿನರಲ್ ಚೆನ್ನಾಗಿ ಹತ್ತುತ್ತಾ?
— ಚಿಂತಾಮಣಿಯ ಓದುಗರು

ಉತ್ತರ: ಬಿಡುವಷ್ಟು ಇರುವುದಿಲ್ಲ. ಲೀಟರಿಗೆ 150 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಗಡಸು ನೀರು ಅಂತಲೇ ಇಟ್ಟುಕೊಳ್ಳಿ. ಕೋಳಿ ಒಂದು ಕೆಜಿ ಫೀಡ್‌ಗೆ ಹೆಚ್ಚುಕಮ್ಮಿ ಎರಡು ಲೀಟರ್ ನೀರು ಕುಡಿಯುತ್ತದೆ. 300 ಮಿಲಿಗ್ರಾಂ ಆಯಿತು. ಆ ಒಂದು ಕೆಜಿ ಫೀಡ್‌ನಲ್ಲಿರುವುದು 9,000. ಮೂವತ್ತರಲ್ಲಿ ಒಂದು ಪಾಲು.

ಆಸಿಡ್ ಹಾಕಿ, ಆದರೆ ಬೇರೆ ಕಾರಣಕ್ಕೆ. ನೀರಿನ ಪಿಎಚ್ ಆರು-ಆರೂವರೆಗೆ ಬಂದರೆ ಕ್ಲೋರಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ನಿಪ್ಪಲ್ ಕಟ್ಟುವುದು ಕಮ್ಮಿಯಾಗುತ್ತದೆ. ಮಿನರಲ್ ಹತ್ತುವುದಕ್ಕೆ ಅದರಿಂದ ದೊಡ್ಡ ಲಾಭ ಇಲ್ಲ. ಫೀಡ್‌ನಲ್ಲಿ ಸಿಟ್ರಿಕ್ ಆಮ್ಲ ಹಾಕಿ ಫೈಟೇಟ್ ರಂಜಕ ಬಿಡಿಸಬಹುದು ಅಂತ ಸಂಶೋಧಕರು ತೋರಿಸಿದ್ದಾರೆ, ಸುಳ್ಳಲ್ಲ. ಆದರೆ ಅದಕ್ಕೆ ಶೇ. 2-3ರಷ್ಟು ಬೇಕು. ಟನ್ನಿಗೆ 20-30 ಕೆಜಿ ನಿಂಬೆಉಪ್ಪು! 100 ಗ್ರಾಂ ಫೈಟೇಸ್ ಮಾಡುವ ಕೆಲಸಕ್ಕೆ ಅಷ್ಟು ಯಾರು ಸುರಿಯುತ್ತಾರೆ?

ಪ್ರಶ್ನೆ: ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಲ್ವಾ ಮೇಡಂ? ನಮ್ಮಲ್ಲೇ ಬೆಳೆದದ್ದು ಇದೆ. 300 ಬ್ರಾಯ್ಲರ್ ಮರಿ ತಂದಿದ್ದೇವೆ. ಡಿಸಿಪಿ, ಸುಣ್ಣ ಯಾವುದೂ ಇಲ್ಲದೆ ರಾಗಿಯಲ್ಲೇ ಸಾಕಿದರೆ ಕಾಲು ಗಟ್ಟಿ ಬರುತ್ತಾ?
— ಮಾಗಡಿಯ ಓದುಗರು

ಉತ್ತರ: ಪ್ರಶ್ನೆ ಓದಿ ನಮ್ಮ ಅಮ್ಮ ನೆನಪಾದರು. ಕೂಸುಗಳಿಗೆ ರಾಗಿ ಸರಿ ಮಾಡಬೇಕಾದರೆ ಮೊದಲು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸುತ್ತಿದ್ದರು. ಯಾಕಮ್ಮ ಇಷ್ಟು ಕಷ್ಟ ಅಂದರೆ ‘ಸುಲಭವಾಗಿ ಅರಗುತ್ತೆ’ ಅನ್ನುತ್ತಿದ್ದರು. ಮೊಳಕೆ ಬರುವಾಗ ಕಾಳಿನೊಳಗೇ ಫೈಟೇಸ್ ಎಚ್ಚರಗೊಂಡು ಫೈಟೇಟ್ ಕಟ್ಟನ್ನು ಬಿಚ್ಚುತ್ತದೆ. ರಾತ್ರಿಯಿಡೀ ಹುಳಿ ಬಂದ ದೋಸೆ ಹಿಟ್ಟಿನಲ್ಲೂ ಫೈಟೇಟ್ ಇಳಿಯುತ್ತದೆ. ಈಗ ಮೇಲೆ ಬರೆದದ್ದೆಲ್ಲ ನಮ್ಮ ಅಡುಗೆಮನೆಯಲ್ಲಿ ಹೆಸರಿಲ್ಲದೆ ನಡೆಯುತ್ತಿದ್ದ ಕೆಲಸವೇ.

ಆದರೂ ಬ್ರಾಯ್ಲರ್‌ಗೆ ಸಾಲದು. ಕಾಳುಗಳ ಪೈಕಿ ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, 100 ಗ್ರಾಂನಲ್ಲಿ ಸುಮಾರು 340 ಮಿಲಿಗ್ರಾಂ. ಟನ್ ಫೀಡ್‌ನಲ್ಲಿ 200 ಕೆಜಿ ರಾಗಿ ಹಾಕಿದರೂ ಬರುವುದು ಏಳುನೂರು ಗ್ರಾಂಗೆ ಸ್ವಲ್ಪ ಕಮ್ಮಿ. ಎರಡು ಕೆಜಿಗೂ ಕಮ್ಮಿ ಸುಣ್ಣದ ಕಲ್ಲಿನ ಪುಡಿಯಲ್ಲಿ ಅಷ್ಟು ಸಿಗುತ್ತದೆ. ಐದಾರು ವಾರದಲ್ಲಿ ಎರಡು ಕೆಜಿ ದಾಟುವ ಹಕ್ಕಿ ಇದು, ಅಂಗಳದಲ್ಲಿ ಹುಳ ಹೆಕ್ಕಿ ನಿಧಾನಕ್ಕೆ ಬೆಳೆಯುವ ನಾಟಿ ಕೋಳಿಯಲ್ಲ. ರಾಗಿಯನ್ನೇ ನಂಬಿಸಿದರೆ ಮೂರನೇ ವಾರಕ್ಕೆ ಕೂತುಬಿಡುತ್ತದೆ.

300 ಮರಿಗೆ ರೆಡಿ ಫೀಡ್ ತನ್ನಿ. ಚೀಲದ ಮೇಲೆ ಕೋಳಿ ಫೀಡ್‌ನ ಭಾರತೀಯ ಮಾನಕ ಐಎಸ್ 1374ರ ಗುರುತು ಇದೆಯೇ ನೋಡಿ. ಫಿನಿಷರ್ ಹಂತದಲ್ಲಿ ಬೇಕಾದರೆ ಸ್ವಲ್ಪ ರಾಗಿ ಬೆರೆಸಿಕೊಳ್ಳಿ. ಮಿಕ್ಕ ರಾಗಿಯನ್ನು ಮುದ್ದೆಗೆ ಇಟ್ಟುಕೊಳ್ಳಿ, ಆರು ವಾರ ಆದಮೇಲೆ ಸಾರಿಗೆ ಕೋಳಿ ಹೇಗೂ ಇದ್ದೇ ಇರುತ್ತಲ್ಲ.